ಎಂಡೋಸ್ಕೋಪಿ ನಾರ್ಮಲ್, ಕೊಲೊನೋಸ್ಕೋಪಿ ನಾರ್ಮಲ್: ನಡುವಿನ ಆರು ಮೀಟರ್ ಸಣ್ಣ ಕರುಳಿನ ಬಗ್ಗೆ

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಕಡೆಯಿಂದ ನೋಡುತ್ತಿರುವ ಕನ್ನಡಿಗರೆಲ್ಲರಿಗಾಗಿ ಈ ವಿಡಿಯೋ. ನಾನು ಹೊಟ್ಟೆ, ಕರುಳಿನ ಕಾಯಿಲೆಗಳನ್ನು ನೋಡುವ ವೈದ್ಯ. ಇವತ್ತು ಹೆಚ್ಚಿನವರು ಹೆಸರು ಕೂಡ ಕೇಳಿರದ ಒಂದು ಕಾಯಿಲೆಯ ಬಗ್ಗೆ ಮಾತಾಡೋಣ: ಸಣ್ಣ ಕರುಳಿನ ಕ್ಯಾನ್ಸರ್.

ಮೊದಲೇ ಒಂದು ಮಾತು. ಇದು ಅಪರೂಪದ ಕಾಯಿಲೆ. ಹೊಟ್ಟೆ ನೋವು ಬಂದ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ, ಅದರಲ್ಲಿ ಒಬ್ಬರಿಗೂ ಇದು ಇರುವ ಸಾಧ್ಯತೆ ಕಡಿಮೆ. ಹಾಗಾಗಿ ಈ ವಿಡಿಯೋ ನೋಡಿ ಇವತ್ತು ರಾತ್ರಿಯೇ ಗೂಗಲ್ ಮಾಡಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ. ಮತ್ತೆ ಯಾಕೆ ಇದರ ಬಗ್ಗೆ ಮಾತು? ಯಾಕೆಂದರೆ ಇದು ತಡವಾಗಿ ಸಿಗುವ ಕಾಯಿಲೆ. ಬೇಗ ಸಿಕ್ಕಿದರೆ ಆಪರೇಷನ್ನಿನಲ್ಲೇ ಪೂರ್ತಿ ತೆಗೆಯುವ ಅವಕಾಶ ಇರುತ್ತದೆ. ತಡವಾದರೆ ಆ ಅವಕಾಶ ಕೈತಪ್ಪುತ್ತದೆ. ತಡ ಆಗೋದಕ್ಕೆ ದೊಡ್ಡ ಕಾರಣ ಒಂದು ಪದ: "ನಾರ್ಮಲ್".

ನಮ್ಮ ಜೀರ್ಣಾಂಗ ಒಂದು ಉದ್ದನೆಯ ಪೈಪು. ಬಾಯಿ, ಅನ್ನನಾಳ, ಜಠರ, ಆಮೇಲೆ ಸಣ್ಣ ಕರುಳು, ಆಮೇಲೆ ದೊಡ್ಡ ಕರುಳು. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಸಣ್ಣ ಕರುಳು ಸುಮಾರು ಆರು ಮೀಟರ್, ಅಂದರೆ ಇಪ್ಪತ್ತು ಅಡಿ. "ಸಣ್ಣ" ಅನ್ನೋದು ದಪ್ಪದ ಲೆಕ್ಕ, ಉದ್ದದ ಲೆಕ್ಕ ಅಲ್ಲ. ಇದರಲ್ಲಿ ಮೂರು ಭಾಗ. ಮೊದಲನೆಯದು ಡುವೋಡಿನಮ್, ಸುಮಾರು 25 ಸೆಂಟಿಮೀಟರ್, ಜಠರಕ್ಕೆ ಅಂಟಿಕೊಂಡೇ ಇರುತ್ತದೆ. ಪಿತ್ತರಸ ಮತ್ತು ಮೇದೋಜೀರಕ ಗ್ರಂಥಿಯ ರಸ ಬಂದು ಸೇರುವುದು ಇಲ್ಲೇ. ಎರಡನೆಯದು ಜೆಜುನಮ್, ಮೂರನೆಯದು ಇಲಿಯಮ್. ಇಲಿಯಮ್ಮಿನ ಕೊನೆ ಹೊಟ್ಟೆಯ ಬಲಭಾಗದ ಕೆಳಗೆ ದೊಡ್ಡ ಕರುಳನ್ನು ಸೇರುತ್ತದೆ.

ಈಗ ನಾವು ಮಾಡುವ ಟೆಸ್ಟುಗಳನ್ನು ನೋಡಿ. ಬಾಯಿಯಿಂದ ಮಾಡುವ ಎಂಡೋಸ್ಕೋಪಿ ಸಾಮಾನ್ಯವಾಗಿ ಡುವೋಡಿನಮ್ಮಿನ ಎರಡನೇ ಭಾಗದ ತನಕ ಹೋಗಿ ನಿಲ್ಲುತ್ತದೆ. ಕೆಳಗಿನಿಂದ ಮಾಡುವ ಕೊಲೊನೋಸ್ಕೋಪಿ ದೊಡ್ಡ ಕರುಳನ್ನು ಪೂರ್ತಿ ನೋಡಿ, ಬಹಳ ಆದರೆ ಇಲಿಯಮ್ಮಿನ ಕೊನೆಯ ಕೆಲವು ಸೆಂಟಿಮೀಟರ್ ನೋಡಿ ವಾಪಸ್ ಬರುತ್ತದೆ. ನಡುವಿನ ಅಷ್ಟೂ ಉದ್ದವನ್ನು ಯಾರೂ ನೋಡಿರುವುದಿಲ್ಲ. ನಿಮ್ಮ ಭಾಷೆಯಲ್ಲಿ ಹೇಳೋದಾದರೆ, ಎರಡೂ ತುದಿಯ ಸರ್ವರ್ ಚೆಕ್ ಮಾಡಿ "ಆಲ್ ಗುಡ್" ಅಂತ ಟಿಕೆಟ್ ಕ್ಲೋಸ್ ಮಾಡಿದ ಹಾಗೆ. ಎರಡೂ ರಿಪೋರ್ಟು ಸತ್ಯವನ್ನೇ ಹೇಳುತ್ತವೆ, ಆದರೆ ತಾವು ನೋಡಿದ ಜಾಗದ ಬಗ್ಗೆ ಮಾತ್ರ. ಅಲ್ಟ್ರಾಸೌಂಡ್ ಕೂಡ ಅಷ್ಟೇ. ಕರುಳಿನಲ್ಲಿ ಗಾಳಿ ಇರುವುದರಿಂದ ಅದರಲ್ಲಿ ಸಣ್ಣ ಗಡ್ಡೆ ಕಾಣದೇ ಹೋಗಬಹುದು. ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಫುಲ್ ಬಾಡಿ ಚೆಕಪ್‌ನಲ್ಲಿ ಸಣ್ಣ ಕರುಳನ್ನು ನೋಡುವ ಟೆಸ್ಟು ಇರುವುದಿಲ್ಲ. ಇರಲೇಬೇಕು ಅಂತಲೂ ಇಲ್ಲ, ಯಾಕೆಂದರೆ ತೊಂದರೆಯೇ ಇಲ್ಲದವರಲ್ಲಿ ಇದನ್ನು ಹುಡುಕುವ ಸ್ಕ್ರೀನಿಂಗ್ ಅಂತ ಯಾವುದೂ ಇಲ್ಲ.

ಒಂದು ವಿಚಿತ್ರ ಇದೆ. ಜೀರ್ಣನಾಳದ ಉದ್ದದಲ್ಲಿ ಸುಮಾರು ಮುಕ್ಕಾಲು ಪಾಲು ಸಣ್ಣ ಕರುಳೇ. ಆದರೆ ಜೀರ್ಣನಾಳದ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಐದಕ್ಕಿಂತ ಕಡಿಮೆ. ಅಮೆರಿಕದಲ್ಲಿ ವರ್ಷಕ್ಕೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರು ಸುಮಾರು ಒಂದೂವರೆ ಲಕ್ಷ ಜನರಿಗೆ ಬಂದರೆ, ಸಣ್ಣ ಕರುಳಿನದು ಸುಮಾರು 12,000 ಜನರಿಗೆ. ಯಾಕೆ ಹೀಗೆ? ಪೂರ್ತಿ ಉತ್ತರ ಸಿಕ್ಕಿಲ್ಲ, ಆದರೆ ಕೆಲವು ಕಾರಣಗಳನ್ನು ಕೊಡುತ್ತಾರೆ. ಇಲ್ಲಿ ಆಹಾರ ನೀರಾಗಿ, ಬೇಗ ಬೇಗ ಮುಂದೆ ಸಾಗುತ್ತದೆ. ಕೆಟ್ಟ ವಸ್ತುಗಳು ಗೋಡೆಗೆ ತಾಗಿಕೊಂಡು ಕೂರುವ ಸಮಯ ಕಡಿಮೆ. ದೊಡ್ಡ ಕರುಳಿನಷ್ಟು ಬ್ಯಾಕ್ಟೀರಿಯಾ ಇಲ್ಲಿಲ್ಲ. ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಕ್ಕೆ ಉದುರಿ ಹೊಸದಾಗಿ ಬರುತ್ತವೆ. ಜೊತೆಗೆ ರೋಗನಿರೋಧಕ ಕೋಶಗಳ ಕಾವಲು ಇಲ್ಲಿ ದಟ್ಟವಾಗಿದೆ.

ಸಣ್ಣ ಕರುಳಿನ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ. ಮುಖ್ಯವಾಗಿ ನಾಲ್ಕು ಬಗೆ. ಇದು ಗೊತ್ತಿರಬೇಕು, ಯಾಕೆಂದರೆ ನಾಲ್ಕಕ್ಕೂ ಔಷಧಿ ಬೇರೆ, ಮುಂದಿನ ದಾರಿಯೂ ಬೇರೆ.

ಮೊದಲನೆಯದು ಅಡಿನೋಕಾರ್ಸಿನೋಮ. ಒಳಪದರದಿಂದ ಹುಟ್ಟುತ್ತದೆ, ಅರ್ಧಕ್ಕಿಂತ ಹೆಚ್ಚು ಸಲ ಡುವೋಡಿನಮ್ಮಿನಲ್ಲಿ. ಎರಡನೆಯದು ನ್ಯೂರೋಎಂಡೋಕ್ರೈನ್ ಟ್ಯೂಮರ್. ಹಾರ್ಮೋನು ತಯಾರಿಸುವ ಕೋಶಗಳಿಂದ ಬರುವಂಥದ್ದು, ಹೆಚ್ಚಾಗಿ ಇಲಿಯಮ್ಮಿನಲ್ಲಿ. 1907ರಲ್ಲಿ ಜರ್ಮನಿಯ ಓಬರ್ನ್‌ಡೋರ್ಫರ್ ಅನ್ನುವ ವೈದ್ಯರು ಇದಕ್ಕೆ "ಕಾರ್ಸಿನಾಯ್ಡ್" ಅಂತ ಹೆಸರಿಟ್ಟರು, ಕ್ಯಾನ್ಸರಿನ ಹಾಗೆ ಕಂಡರೂ ನಿಧಾನಕ್ಕೆ ಬೆಳೆಯುತ್ತದೆ ಅಂತ. ನಮ್ಮಲ್ಲಿ ಈ ಜಾತಿಯ ಟ್ಯೂಮರ್ ಹೆಸರು ಬಹಳ ಜನ ಮೊದಲು ಕೇಳಿದ್ದು 2018ರಲ್ಲಿ, ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಇದೆ ಅಂತ ಹೇಳಿದಾಗ. ಇದು ದೇಹದ ಬೇರೆ ಬೇರೆ ಅಂಗಗಳಲ್ಲಿ ಬರಬಹುದು, ಸಣ್ಣ ಕರುಳು ಅದರಲ್ಲಿ ಮುಖ್ಯವಾದ ಜಾಗ. ಮೂರನೆಯದು ಲಿಂಫೋಮ, ರೋಗನಿರೋಧಕ ಕೋಶಗಳ ಕ್ಯಾನ್ಸರ್. ನಾಲ್ಕನೆಯದು ಜಿಸ್ಟ್, ಕರುಳಿನ ಗೋಡೆಯ ಒಳಗಿಂದ ಬೆಳೆಯುವ ಗಡ್ಡೆ.

ಈಗ ಲಕ್ಷಣಗಳಿಗೆ ಬರೋಣ. ಒಂದು ಉದಾಹರಣೆ ಕಟ್ಟಿ ಹೇಳ್ತೀನಿ. ಇದು ಯಾರೊಬ್ಬರ ಕೇಸೂ ಅಲ್ಲ, ಆದರೆ ಈ ದಾರಿ ನಮಗೆಲ್ಲ ಪರಿಚಿತ. ಮಗ ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅಪ್ಪನಿಗೆ ಅರವತ್ತೆರಡು, ಹಾವೇರಿ ಹತ್ತಿರದ ಊರು. ಅಪ್ಪನಿಗೆ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟು. "ವಯಸ್ಸಾಯ್ತು, ಸರಿಯಾಗಿ ಉಣ್ಣಲ್ಲ" ಅಂತ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಮೂರು ತಿಂಗಳಿಗೆ ಹತ್ತಾಗುತ್ತದೆ, ಮನೆಯವರಿಗೆ ಸಮಾಧಾನ. ಮಾತ್ರೆ ಬಿಟ್ಟ ಮೇಲೆ ಮತ್ತೆ ಎಂಟು. ಎಂಡೋಸ್ಕೋಪಿ ಆಗುತ್ತದೆ, ಸ್ವಲ್ಪ ಗ್ಯಾಸ್ಟ್ರೈಟಿಸ್ ಅಂತ ಬರುತ್ತದೆ. ಕೊಲೊನೋಸ್ಕೋಪಿ ಆಗುತ್ತದೆ, ಸಣ್ಣ ಮೂಲವ್ಯಾಧಿ ಬಿಟ್ಟರೆ ನಾರ್ಮಲ್. "ಪೈಲ್ಸ್‌ನಿಂದ ರಕ್ತ ಹೋಗಿರಬೇಕು" ಅಂತ ವಿಷಯ ಅಲ್ಲಿಗೇ ಮುಗಿಯುತ್ತದೆ. ಆರು ತಿಂಗಳಿಗೆ ಮತ್ತೆ ಎಂಟು. ಈ ಹೊತ್ತಿಗೆ ಮೂರು ಊರಿನ ಮೂರು ವೈದ್ಯರು ನೋಡಿರುತ್ತಾರೆ, ಒಬ್ಬರ ರಿಪೋರ್ಟು ಇನ್ನೊಬ್ಬರ ಕೈಗೆ ಸಿಕ್ಕಿರುವುದಿಲ್ಲ.

ಇಲ್ಲಿ ತಪ್ಪಿದ್ದು ಯಾವುದೋ ಒಂದು ಟೆಸ್ಟಲ್ಲ. ಬಿಡಿ ಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸರಿ. ಆದರೆ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ: ಈ ಮನುಷ್ಯನ ಕಬ್ಬಿಣ ಎಲ್ಲಿ ಸೋರಿ ಹೋಗ್ತಾ ಇದೆ? ಗಂಡಸರಲ್ಲಿ, ಮತ್ತೆ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಬಂದರೆ ಕಾರಣ ಹುಡುಕಲೇಬೇಕು. ಕಬ್ಬಿಣದ ಮಾತ್ರೆ ಕೊರತೆಯನ್ನು ತುಂಬುತ್ತದೆ, ಸೋರಿಕೆಯನ್ನು ನಿಲ್ಲಿಸುವುದಿಲ್ಲ. ಎರಡೂ ಸ್ಕೋಪಿ ನಾರ್ಮಲ್ ಬಂದು, ಹಿಮೋಗ್ಲೋಬಿನ್ ಮತ್ತೆ ಮತ್ತೆ ಇಳಿಯುತ್ತಿದ್ದರೆ, ಮುಂದೆ ನೋಡಬೇಕಾದ್ದು ಸಣ್ಣ ಕರುಳು.

ಆಗಲೂ ಹೆಚ್ಚಿನ ಸಲ ಸಿಗುವುದು ಕ್ಯಾನ್ಸರ್ ಅಲ್ಲ. ರಕ್ತನಾಳಗಳ ಸಣ್ಣ ಊತ, ನೋವಿನ ಮಾತ್ರೆಯಿಂದಾದ ಹುಣ್ಣು, ನಮ್ಮ ಕಡೆ ಕೊಕ್ಕೆಹುಳು, ಇಂಥವು. ಅವಕ್ಕೂ ಚಿಕಿತ್ಸೆ ಬೇಕು. ಅಂದರೆ ಹುಡುಕಿದ್ದು ಯಾವ ರೀತಿಯಲ್ಲೂ ವ್ಯರ್ಥ ಆಗುವುದಿಲ್ಲ.

ಎರಡನೇ ಲಕ್ಷಣ ನೋವು. ಈ ನೋವಿಗೆ ಒಂದು ಗುಣ ಇದೆ. ಊಟ ಆಗಿ ಸ್ವಲ್ಪ ಹೊತ್ತಿಗೆ ಹೊಕ್ಕುಳ ಸುತ್ತ ಹಿಂಡಿದ ಹಾಗೆ ಬರುತ್ತದೆ, ಹೊಟ್ಟೆ ಉಬ್ಬುತ್ತದೆ, ಗುಡುಗುಡು ಸದ್ದಾಗುತ್ತದೆ, ಆಮೇಲೆ ತಾನಾಗೇ ಇಳಿಯುತ್ತದೆ. ಕೆಲವು ಸಲ ವಾಂತಿ ಆದ ಮೇಲೆ ಆರಾಮ. ಕರುಳಿನ ದಾರಿ ಎಲ್ಲೋ ಕಿರಿದಾಗಿದೆ ಅನ್ನುವುದರ ಸೂಚನೆ ಇದು.

ಇಲ್ಲಿ ಹೊರನಾಡ ಕನ್ನಡಿಗರಿಗೆ ಒಂದು ವಿಶೇಷ ಮಾತು. ಊರಿಂದ ಬಂದ ಅವ್ವ "ಉಂಡ ಮ್ಯಾಲೆ ಹೊಟ್ಟಿ ಕಡೀತದ" ಅಂತಾಳೆ. ಪಕ್ಕದಲ್ಲಿ ಕೂತ ಮಗ ಡಾಕ್ಟರಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ "ಅಸಿಡಿಟಿ ಇದೆ" ಅಂತ ಅನುವಾದ ಮಾಡುತ್ತಾನೆ. ಅವ್ವ ಹೇಳಿದ್ದು ಹಿಂಡುವ ನೋವು, ಡಾಕ್ಟರ್ ಕೇಳಿಸಿಕೊಂಡಿದ್ದು ಎದೆಯುರಿ. ಚೀಟಿಯಲ್ಲಿ ಗ್ಯಾಸಿನ ಮಾತ್ರೆ ಬರುತ್ತದೆ. ಸುಸ್ತು, ಸಂಕಟ, ಹೊಟ್ಟೆ ತೊಳಸೋದು, ಕಡಿಯೋದು, ಉರಿಯೋದು, ಇವೆಲ್ಲ ಬೇರೆ ಬೇರೆ. ಅನುವಾದ ಮಾಡುವಾಗ ಕಾಯಿಲೆಯ ಹೆಸರು ನೀವೇ ಇಡಬೇಡಿ. ಎಲ್ಲಿ ನೋವು, ಊಟ ಆಗಿ ಎಷ್ಟು ಹೊತ್ತಿಗೆ, ಬಂದು ಹೋಗುತ್ತದೋ ನಿರಂತರವೋ, ಅವರು ಹೇಳಿದ್ದನ್ನು ಹಾಗೇ ದಾಟಿಸಿ.

ಮೂರನೆಯದು ಮಲದ ಬಣ್ಣ. ಸಣ್ಣ ಕರುಳಿನಿಂದ ರಕ್ತ ನಿಧಾನವಾಗಿ ಹೋದರೆ ಕಣ್ಣಿಗೆ ಕಾಣುವುದೇ ಇಲ್ಲ. ಜಾಸ್ತಿ ಹೋದರೆ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಇರುತ್ತದೆ. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ, ಆದರೆ ಸಾಮಾನ್ಯವಾಗಿ ಹಾಗೆ ಅಂಟಾಗಿರುವುದಿಲ್ಲ. ಅನುಮಾನ ಇದ್ದರೆ ವೈದ್ಯರಿಗೆ ಹೇಳಿ, ಮಾತ್ರೆ ತಗೊಳ್ತಾ ಇರೋದನ್ನೂ ಹೇಳಿ. ಇನ್ನು ಕಾರಣವಿಲ್ಲದೆ ತೂಕ ಇಳಿಯುವುದು. ಡುವೋಡಿನಮ್ಮಿನ ಗಡ್ಡೆ ಪಿತ್ತನಾಳವನ್ನು ಒತ್ತಿದರೆ ಕಾಮಾಲೆ ಬರುತ್ತದೆ. ಕಾಮಾಲೆ ಅಂದ ಕೂಡಲೇ ಊರ ಕಡೆ ಸೊಪ್ಪಿನ ಔಷಧಿಗೆ ಹೋಗುವುದು ರೂಢಿ. ಅರವತ್ತು ದಾಟಿದವರಿಗೆ ನೋವಿಲ್ಲದ ಕಾಮಾಲೆ ಬಂದರೆ ದಯವಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ನ್ಯೂರೋಎಂಡೋಕ್ರೈನ್ ಟ್ಯೂಮರ್ ಯಕೃತ್ತಿಗೆ ಹರಡಿದ್ದರೆ ಕೆಲವರಿಗೆ ಮುಖ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯಾಗುವುದು, ಜೊತೆಗೆ ಬಿಡದ ಭೇದಿ, ಇವೂ ಕಾಣಿಸುತ್ತವೆ.

ಹಾಗಾದರೆ ಆ ಆರು ಮೀಟರ್ ನೋಡುವುದು ಹೇಗೆ? ಇವತ್ತು ಮೂರು ಒಳ್ಳೆಯ ದಾರಿ ಇವೆ.

ಒಂದು, ಸಿಟಿ ಎಂಟರೋಗ್ರಫಿ. ಮಾಮೂಲಿ ಸಿಟಿ ಸ್ಕ್ಯಾನಿಗೂ ಇದಕ್ಕೂ ವ್ಯತ್ಯಾಸ ಇದೆ. ಮೊದಲು ಸುಮಾರು ಒಂದೂವರೆ ಲೀಟರ್ ದ್ರವ ಕುಡಿಸಿ ಕರುಳನ್ನು ಹಿಗ್ಗಿಸುತ್ತಾರೆ, ಆಮೇಲೆ ಚಿತ್ರ ತೆಗೆಯುತ್ತಾರೆ. ಮಡಚಿಕೊಂಡ ಕರುಳಲ್ಲಿ ಅಡಗುವ ಗಡ್ಡೆ ಹಿಗ್ಗಿದ ಕರುಳಲ್ಲಿ ಕಾಣುತ್ತದೆ. ಅದಕ್ಕೇ ಕೈಯಲ್ಲಿರುವ ಹಳೇ ಸಿಟಿ ರಿಪೋರ್ಟು ಮಾಮೂಲಿಯದೋ ಎಂಟರೋಗ್ರಫಿಯೋ ಅಂತ ಕೇಳಿ.

ಎರಡು, ಕ್ಯಾಪ್ಸೂಲ್ ಎಂಡೋಸ್ಕೋಪಿ. ಇದು ನಿಮಗೆ ಇಷ್ಟ ಆಗುವ ಕಥೆ. ಕ್ಷಿಪಣಿಗಳಿಗೆ ಕ್ಯಾಮೆರಾ ತಂತ್ರಜ್ಞಾನ ಮಾಡುತ್ತಿದ್ದ ಇಸ್ರೇಲಿನ ಎಂಜಿನಿಯರ್ ಗೇವ್ರಿಯಲ್ ಇಡ್ಡಾನ್ ಇದರ ಹಿಂದಿನ ತಲೆ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸುಮಾರು 26 ಮಿಲಿಮೀಟರ್ ಉದ್ದದ ಗುಳಿಗೆ. ಅದರೊಳಗೆ ಕ್ಯಾಮೆರಾ, ಲೈಟು, ಬ್ಯಾಟರಿ, ಟ್ರಾನ್ಸ್‌ಮಿಟರ್. ನುಂಗಿದರೆ ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಸಾವಿರಾರು ಫೋಟೋ ತೆಗೆಯುತ್ತಾ ಸಾಗಿ, ಮಲದಲ್ಲಿ ಹೊರಗೆ ಬರುತ್ತದೆ. ಆದರೆ ಒಂದು ಎಚ್ಚರಿಕೆ. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಗುಳಿಗೆ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ ಊಟದ ನಂತರ ಹಿಂಡುವ ನೋವು, ವಾಂತಿ ಇರುವವರಿಗೆ ಮೊದಲು ಸಿಟಿ ಮಾಡುತ್ತಾರೆ. ಗುಳಿಗೆ ಹೊರಬರುವ ತನಕ ಎಂಆರ್‌ಐ ಮಾಡಿಸಬಾರದು. ಇನ್ನೊಂದು ಮಿತಿ ಅಂದರೆ ಇದು ಫೋಟೋ ಮಾತ್ರ ತೆಗೆಯುತ್ತದೆ, ಚೂರು ತೆಗೆದು ಬಯಾಪ್ಸಿ ಕೊಡುವುದಿಲ್ಲ.

ಅದಕ್ಕೆ ಮೂರನೆಯದು, ಬಲೂನ್ ಎಂಟರೋಸ್ಕೋಪಿ. ಜಪಾನಿನ ಹಿರೋನೋರಿ ಯಮಮೋಟೊ ಅವರ ಕೊಡುಗೆ. ಸ್ಕೋಪಿಗೆ ಬಲೂನು ಕಟ್ಟಿ, ಕರುಳನ್ನು ತೋಳಿನ ಬಟ್ಟೆ ಮಡಚಿದ ಹಾಗೆ ಮಡಚುತ್ತಾ ಒಳಗೆ ಹೋಗುತ್ತಾರೆ. ಇದರಲ್ಲಿ ಬಯಾಪ್ಸಿ ತೆಗೆಯಬಹುದು, ರಕ್ತಸ್ರಾವ ನಿಲ್ಲಿಸಲೂಬಹುದು. ನೀವಿರುವ ಎಲ್ಲ ದೊಡ್ಡ ನಗರಗಳಲ್ಲೂ, ಬೆಂಗಳೂರಿನಲ್ಲೂ ಇದು ಲಭ್ಯ.

ಭಾರತದಲ್ಲಿ ಇನ್ನೊಂದು ತೊಡಕಿದೆ: ಕ್ಷಯ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಟಿಬಿ ಶ್ವಾಸಕೋಶಕ್ಕೆ ಮಾತ್ರ ಅಲ್ಲ, ಕರುಳಿಗೂ ಬರುತ್ತದೆ, ಅದರಲ್ಲೂ ಇಲಿಯಮ್ಮಿನ ಕೊನೆಗೆ. ನೋವು, ತೂಕ ಇಳಿಕೆ, ರಕ್ತಹೀನತೆ, ಸ್ಕ್ಯಾನಿನಲ್ಲಿ ದಪ್ಪಗಾದ ಕರುಳು, ಊದಿದ ದುಗ್ಧ ಗ್ರಂಥಿಗಳು. ಟಿಬಿಯಲ್ಲೂ ಇವೇ, ಕ್ರೋನ್ಸ್ ಕಾಯಿಲೆಯಲ್ಲೂ ಇವೇ, ಲಿಂಫೋಮದಲ್ಲೂ ಇವೇ. ಬಯಾಪ್ಸಿಯಲ್ಲೂ ಎಷ್ಟೋ ಸಲ ಟಿಬಿ ಕ್ರಿಮಿ ಸಿಗುವುದಿಲ್ಲ. ಆಗ ವೈದ್ಯರು ಟಿಬಿ ಔಷಧಿ ಕೊಟ್ಟು ನೋಡುತ್ತಾರೆ. ನಮ್ಮ ದೇಶದಲ್ಲಿ ಅದು ಸರಿಯಾದ ನಿರ್ಧಾರವೇ ಇರಬಹುದು. ಆದರೆ "ಕೊಟ್ಟು ನೋಡೋಣ" ಅನ್ನುವುದರಲ್ಲಿ "ನೋಡೋಣ" ಅನ್ನುವ ಅರ್ಧ ಬಿಟ್ಟುಹೋಗಬಾರದು. ಎರಡು ಮೂರು ತಿಂಗಳಿಗೆ ತೂಕ ಏರಿದೆಯಾ, ಹುಣ್ಣು ಮಾಯುತ್ತಿದೆಯಾ ಅಂತ ಮತ್ತೆ ಪರೀಕ್ಷೆ ಆಗಬೇಕು. ಆಗಿಲ್ಲದಿದ್ದರೆ ಮತ್ತೆ ಬಯಾಪ್ಸಿ, ಮತ್ತೆ ಯೋಚನೆ. ಒಂದು ಮಾತು ಮರೀಬೇಡಿ: ಟಿಬಿ ಗುಣವಾದರೂ ಕರುಳು ಕಿರಿದಾಗಿಯೇ ಉಳಿದು ನೋವು ಬರಬಹುದು. ಹಾಗಾಗಿ ನೋವು ಉಳಿದರೆ ಕ್ಯಾನ್ಸರೇ ಅಂತ ಅಂದುಕೊಳ್ಳಬೇಡಿ, ಟಿಬಿ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ.

ಯಾರಿಗೆ ಅಪಾಯ ಜಾಸ್ತಿ? ಬಹಳ ವರ್ಷ ಕ್ರೋನ್ಸ್ ಕಾಯಿಲೆ ಇರುವವರಿಗೆ. ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯ ಗ್ಲುಟೆನ್ ಒಗ್ಗದವರಿಗೆ. ಇವರು ಪಥ್ಯ ಬಿಗಿಯಾಗಿ ಪಾಲಿಸಿದರೆ ಅಪಾಯ ಇಳಿಯುತ್ತದೆ. ನಮ್ಮ ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಆದ್ದರಿಂದ ಕನ್ನಡಿಗರ ಅಡುಗೆಮನೆಗೆ ಈ ಪಥ್ಯ ಕಷ್ಟವಲ್ಲ. ಇನ್ನು ವಂಶದಲ್ಲಿ ಬರುವ ಕಾಯಿಲೆಗಳು. ಲಿಂಚ್ ಸಿಂಡ್ರೋಮ್ ಇರುವ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ದೊಡ್ಡ ಕರುಳಿನ, ಗರ್ಭಕೋಶದ ಕ್ಯಾನ್ಸರ್ ಬಂದಿರುತ್ತದೆ. ದೊಡ್ಡಪ್ಪನಿಗೆ ನಲವತ್ತೈದಕ್ಕೆ, ಅತ್ತೆಗೆ ನಲವತ್ತೆಂಟಕ್ಕೆ ಅಂತ ಸಾಲು ಇದ್ದರೆ ಅದನ್ನು ಬಚ್ಚಿಡಬೇಡಿ. ನಮ್ಮ ಮನೆಗಳಲ್ಲಿ ಕ್ಯಾನ್ಸರಿನ ಮಾತು ಬಂದರೆ ದನಿ ತಗ್ಗುತ್ತದೆ, ಮಕ್ಕಳಿಗೆ ಗೊತ್ತಿರುವುದೇ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಕೇಳಿ ಬರೆದಿಟ್ಟುಕೊಳ್ಳಿ.

ಚಿಕಿತ್ಸೆ. ಅಡಿನೋಕಾರ್ಸಿನೋಮ, ನ್ಯೂರೋಎಂಡೋಕ್ರೈನ್, ಜಿಸ್ಟ್, ಈ ಮೂರಕ್ಕೂ ಹರಡಿರದಿದ್ದರೆ ಆಪರೇಷನ್ನೇ ಮುಖ್ಯ. ಗಡ್ಡೆ ಇರುವ ಕರುಳಿನ ತುಂಡು ತೆಗೆದು ಎರಡು ತುದಿ ಜೋಡಿಸುತ್ತಾರೆ. ಅಡಿನೋಕಾರ್ಸಿನೋಮ ಮತ್ತು ನ್ಯೂರೋಎಂಡೋಕ್ರೈನ್ ಗಡ್ಡೆಗಳಲ್ಲಿ ಆ ಭಾಗದ ದುಗ್ಧ ಗ್ರಂಥಿಗಳನ್ನೂ ಜೊತೆಗೇ ತೆಗೆಯುತ್ತಾರೆ. "ಕರುಳು ಕತ್ತರಿಸಿದರೆ ಬದುಕೋದು ಹೇಗೆ" ಅಂತ ಹೆದರುತ್ತಾರೆ. ಆರು ಮೀಟರಿನಲ್ಲಿ ಒಂದು ತುಂಡು ಹೋದರೆ ಉಳಿದದ್ದು ಕೆಲಸ ಹಂಚಿಕೊಳ್ಳುತ್ತದೆ. ಇಲಿಯಮ್ಮಿನ ಕೊನೆಯ ಭಾಗ ತೆಗೆದವರಿಗೆ ವಿಟಮಿನ್ ಬಿ12 ಹೀರಿಕೊಳ್ಳುವುದು ಕಷ್ಟವಾಗಬಹುದು, ಆಗ ಇಂಜೆಕ್ಷನ್ ಕೊಡುತ್ತಾರೆ. ಡುವೋಡಿನಮ್ಮಿನ ಗಡ್ಡೆಗೆ ಮಾತ್ರ ಎಷ್ಟೋ ಸಲ ವಿಪಲ್ ಅನ್ನುವ ದೊಡ್ಡ ಆಪರೇಷನ್ ಬೇಕು. ಅದನ್ನು ಪದೇ ಪದೇ ಮಾಡಿ ರೂಢಿ ಇರುವ ಕೇಂದ್ರದಲ್ಲೇ ಮಾಡಿಸಿ. ಲಿಂಫೋಮಕ್ಕೆ ಮುಖ್ಯ ಚಿಕಿತ್ಸೆ ಕೀಮೋಥೆರಪಿ.

ಜಿಸ್ಟ್ ಕಥೆ ಧೈರ್ಯ ಕೊಡುವಂಥದ್ದು. ಒಂದು ಕಾಲದಲ್ಲಿ ಹರಡಿದ ಜಿಸ್ಟಿಗೆ ಔಷಧಿಯೇ ಇರಲಿಲ್ಲ. 2002ರಲ್ಲಿ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಇದಕ್ಕಾಗಿ ಅನುಮತಿ ಸಿಕ್ಕಿತು, ಆಮೇಲೆ ವರ್ಷಗಟ್ಟಲೆ ಬದುಕುವವರು ಬಂದರು. ಇದೇ ಔಷಧಿಯ ಪೇಟೆಂಟ್ ಕೇಸಿನಲ್ಲಿ 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟು ಕಂಪನಿಯ ಅರ್ಜಿ ತಳ್ಳಿಹಾಕಿತು. ಹಾಗಾಗಿ ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆ ಇಲ್ಲಿ ಸಿಗುತ್ತಲೇ ಇದೆ. ನ್ಯೂರೋಎಂಡೋಕ್ರೈನ್ ಟ್ಯೂಮರ್ ಹರಡಿದ್ದರೂ ಹಾರ್ಮೋನ್ ತಡೆಯುವ ಇಂಜೆಕ್ಷನ್‌ಗಳಿವೆ, ಲುಟೇಶಿಯಂ ಅನ್ನುವ ವಿಕಿರಣ ಔಷಧಿ ಇದೆ. ಆ ಲುಟೇಶಿಯಂ ನಮ್ಮ ಟ್ರಾಂಬೆಯ ರಿಯಾಕ್ಟರಿನಲ್ಲೇ ತಯಾರಾಗುತ್ತದೆ.

ಕೊನೆಯದಾಗಿ, ದೂರದಲ್ಲಿರುವ ಮಕ್ಕಳು ಏನು ಮಾಡಬಹುದು? ಅಪ್ಪ ಅಮ್ಮನ ಎಲ್ಲ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದೇ ಫೋಲ್ಡರಿನಲ್ಲಿಡಿ. ವಾಟ್ಸ್ಯಾಪ್ ಗುಂಪಿನಲ್ಲಿ ಚದುರಿದ ಫೋಟೋಗಳು ಸಾಲದು. ಹಿಮೋಗ್ಲೋಬಿನ್ ಮತ್ತು ತೂಕ, ಎರಡನ್ನೇ ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಒಂದು ರಿಪೋರ್ಟಿನಲ್ಲಿ ಕಾಣದ್ದು ಆ ಸಾಲಿನಲ್ಲಿ ಕಾಣುತ್ತದೆ. ವೈದ್ಯರ ಮುಂದೆ ಮೂರು ಪ್ರಶ್ನೆ ಕೇಳಿ. "ಸರ್, ಈ ರಕ್ತ ಎಲ್ಲಿಂದ ಹೋಗ್ತಿದೆ ಅಂತ ಗೊತ್ತಾಗಿದೆಯಾ?" "ಸಣ್ಣ ಕರುಳನ್ನು ಯಾವ ಟೆಸ್ಟಿನಲ್ಲಾದರೂ ನೋಡಿದ್ದೇವಾ?" "ಈ ಚಿಕಿತ್ಸೆ ಕೆಲಸ ಮಾಡದಿದ್ದರೆ ಯಾವಾಗ ಮತ್ತೆ ಪರೀಕ್ಷೆ ಮಾಡೋಣ?" ವಿನಯದಿಂದ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಇನ್ನೊಬ್ಬರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

ಹೊಟ್ಟೆ ಉಬ್ಬಿ, ವಾಂತಿ ನಿಲ್ಲದೆ, ಗಾಳಿಯೂ ಹೋಗದೆ ಕಟ್ಟಿಕೊಂಡರೆ, ಅಥವಾ ಡಾಂಬರಿನಂಥ ಮಲದ ಜೊತೆ ತಲೆಸುತ್ತು ಬಂದರೆ, ನಾಳೆಗೆ ಕಾಯಬೇಡಿ. ನೀವು ಊರು ತಲುಪುವ ತನಕವೂ ಕಾಯಬೇಡಿ. ಹತ್ತಿರದವರಿಗೆ ಫೋನ್ ಮಾಡಿ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ.

ನಾರ್ಮಲ್ ಅಂತ ರಿಪೋರ್ಟು ಬಂದರೆ ಸಂತೋಷಪಡಿ. ಆದರೆ ಅಪ್ಪನ ಸುಸ್ತು ಹಾಗೇ ಇದ್ದರೆ, ಅಪ್ಪನ ಮಾತನ್ನೇ ನಂಬಿ. ನಿಮ್ಮ ಪ್ರಶ್ನೆಗಳಿದ್ದರೆ ಕಳಿಸಿ, ಮುಂದಿನ ಕಂತಿನಲ್ಲಿ ಉತ್ತರಿಸುತ್ತೇನೆ.